ಮರ್ವಿನ್ ಟಬ್ ಎಂಬ ಹತ್ತನೆಯವನು

ತನ್ನ ಪಾಠ ವಿದ್ಯಾರ್ಥಿಗಳ ಕಣ್ಣಿಗೆ ಹೇಗೆ ಕಾಣುತ್ತದೋ ನೋಡೋಣ ಎಂದುಕೊಂಡು ಡಾಕ್ಟರ್ ಗ್ರೇಮ್ ಟಿಪೆಟ್ ಒಬ್ಬ ವಿದ್ಯಾರ್ಥಿಯನ್ನು ತಾನೇ ಹುಟ್ಟಿಸಿದ್ದು ಎಲ್ಲ ರಾದ್ಧಾಂತಕ್ಕೂ ಮೂಲ.

ಅದರಲ್ಲಿ ಮೋಸವೇನೂ ಇರಲಿಲ್ಲ. ವಿಶ್ವವಿದ್ಯಾಲಯದ ಪಾಠಗಳೆಲ್ಲ ಈಗ ಕಂಪ್ಯೂಟರಿನೊಳಗೆ ಇರುತ್ತವೆ. ಮೇಷ್ಟ್ರ ಬಾಗಿಲಿನಿಂದ ಒಳಗೆ ಹೋದರೆ ಅವು ಒಂದು ಥರ ಕಾಣುತ್ತವೆ, ವಿದ್ಯಾರ್ಥಿಯ ಬಾಗಿಲಿನಿಂದ ಹೋದರೆ ಇನ್ನೊಂದು ಥರ. ಹಾಗಾಗಿ ಕುರಾಬಿನ್ ಕ್ಯಾಂಪಸ್ಸಿನ ಮೇಷ್ಟ್ರುಗಳೆಲ್ಲ ಸೆಮಿಸ್ಟರ್ ಶುರುವಾಗುವಾಗ ಒಂದೊಂದು ಸುಳ್ಳು ಹೆಸರು ಸೇರಿಸಿ, ಆ ಹೆಸರಿನಲ್ಲಿ ಒಳಹೊಕ್ಕು ನೋಡಿ, ಆಮೇಲೆ ಅಳಿಸಿಬಿಡುವುದು ವಾಡಿಕೆ. ಗ್ರೇಮ್ ಹೆಸರಿಗಾಗಿ ತಡಕಾಡುತ್ತಿದ್ದಾಗ ಹಿತ್ತಲಲ್ಲಿ ಅವನ ಹುಂಜ ಕೂಗಿತು. ಹುಂಜದ ಹೆಸರು ಮರ್ವಿನ್. ಅದರ ಪಕ್ಕದಲ್ಲೇ ಬಟ್ಟೆ ಒಗೆಯುವ ಟಬ್ ಬಿದ್ದಿತ್ತು. ಮರ್ವಿನ್ ಟಬ್ ಎಂದು ನಾಮಕರಣವಾಯಿತು. ಕಂಪ್ಯೂಟರು ವಯಸ್ಸು ಕೇಳಿತು, ತನ್ನದನ್ನೇ ಕೊಟ್ಟ. ವಿಳಾಸ ಕೇಳಿತು, ತನ್ನ ಮನೆಯದನ್ನೇ ಕೊಟ್ಟ. ಒಳಗೆ ಹೋದರೆ ಪುಟವೆಲ್ಲ ಖಾಲಿ. ಮಾತುಕತೆಗೆಂದು ಬಿಟ್ಟ ಜಾಗದಲ್ಲಿ “ಇಲ್ಲಿ ಏನೂ ಕಾಣಿಸ್ತಾ ಇಲ್ಲ. ಯಾರಾದ್ರೂ ಇದ್ದೀರಾ?” ಎಂದು ಬರೆದು ಪರೀಕ್ಷಿಸಿದ. ಅಷ್ಟರಲ್ಲಿ ಹೆಂಡತಿ ಲೊರೇನ್ ಟೀಗೆ ಕರೆದಳು. ಎದ್ದು ಹೋದವನು ಮರ್ವಿನ್‌ನನ್ನು ಅಳಿಸುವುದನ್ನು ಮರೆತೇಬಿಟ್ಟ.

ಗ್ರೇಮ್ ಕಲಿಸುವುದು ತತ್ವಶಾಸ್ತ್ರ. ಒಂದು ಕಾಲಕ್ಕೆ ಆ ವಿಭಾಗ ತುಂಬಿದ ಮನೆಯಂತಿತ್ತು. ನಿವೃತ್ತಿಯಾದವರ ಜಾಗಕ್ಕೆ ಯಾರೂ ಬರದೆ ಈಗ ಉಳಿದವನು ಇವನೊಬ್ಬ, ಇವನಿಗೆ ಉಳಿದ ವಿಷಯವೂ ಒಂದೇ: ‘ಬದುಕಿಗೆ ಹೌದೆನ್ನುವ ನೀತಿ’. ಬದುಕನ್ನು ಹಿಗ್ಗಿಸುವುದೆಲ್ಲ ಒಳ್ಳೆಯದು, ಕುಗ್ಗಿಸುವುದೆಲ್ಲ ಕೆಟ್ಟದ್ದು. ನೋವು ನಲಿವು ಎರಡನ್ನೂ ಒಟ್ಟಿಗೆ ಅಪ್ಪಿಕೊಂಡು ‘ಹೌದು, ಇದೇ ನನಗೆ ಬೇಕು’ ಎನ್ನುವವನೇ ನಿಜವಾದ ನೀತಿವಂತ ಎಂಬುದು ಅದರ ಸಾರ. ಗ್ರೇಮ್ ಇದನ್ನು ವರ್ಷಗಟ್ಟಲೆ ಹೇಳುತ್ತ ಬಂದಿದ್ದ. ಹೇಳುವಾಗ ಅವನ ಮುಖ ಮಾತ್ರ ಹಲ್ಲುನೋವು ಬಂದವನ ಮುಖದಂತಿರುತ್ತಿತ್ತು.

ವಿಶ್ವವಿದ್ಯಾಲಯಕ್ಕೆ ಅದರದೇ ಒಂದು ನೀತಿ ಇತ್ತು. ಆಗಸ್ಟ್ ತಿಂಗಳ ಕೊನೆಯ ದಿನ ಸಂಜೆ ಐದಕ್ಕೆ ತಲೆ ಎಣಿಕೆ. ಅಲ್ಲಿಯವರೆಗೆ ಯಾರು ಬೇಕಾದರೂ ಯಾವ ವಿಷಯವನ್ನಾದರೂ ಬಿಟ್ಟು ಹೋಗಬಹುದು, ಶುಲ್ಕವಿಲ್ಲ. ಐದು ಹೊಡೆದ ಮೇಲೆ ಲೆಕ್ಕ ಕಲ್ಲಿನ ಮೇಲೆ ಕೆತ್ತಿದ ಹಾಗೆ. ಆಗ ಯಾವ ವಿಷಯದಲ್ಲಿ ಹತ್ತು ಜನಕ್ಕಿಂತ ಕಡಿಮೆ ಇರುತ್ತಾರೋ ಆ ವಿಷಯಕ್ಕೆ ಬೀಗ. ಗ್ರೇಮ್‌ನ ವಿಷಯಕ್ಕೆ ಬೀಗ ಬಿದ್ದರೆ ವರ್ಷದ ಕೊನೆಗೆ ಗ್ರೇಮ್‌ಗೂ ಬೀಗ.

ಆ ಕೊನೆಯ ದಿನ ಬೆಳಿಗ್ಗೆ ಅವನು ದೇವರಿಗೆ ಹೆದರುವವನ ಹಾಗೆ ಒಂದೇ ಕಣ್ಣು ತೆರೆದು ಪರದೆ ನೋಡಿದ. ಹತ್ತು ಎಂದಿತ್ತು. ಪಕ್ಕದಲ್ಲಿ ‘ಉಳಿಯುತ್ತದೆ’ ಎಂದು ಹಸಿರು ಅಕ್ಷರ. ಗ್ರೇಮ್‌ಗೆ ಕುರ್ಚಿಯಿಂದೆದ್ದು ಕುಣಿಯಬೇಕೆನಿಸಿತು. ಸೊಂಟನೋವಿನ ನೆನಪಾಗಿ ಕುಣಿಯಲಿಲ್ಲ. ಕಿಟಕಿಯಾಚೆ ವಾಟಲ್ ಮರಗಳು ಹಳದಿ ಹೂ ಬಿಟ್ಟಿದ್ದವು. ಅದೂ ಇವತ್ತೇ ಕಣ್ಣಿಗೆ ಬಿತ್ತು. ಪಕ್ಕದ ಕೋಣೆಯ ನೆರಿಡಾ ಕೋಬ್‌ಗೆ ಗೋಡೆ ತಟ್ಟಿ ಸುದ್ದಿ ಹೇಳಿದ. ನೆರಿಡಾ ಇತಿಹಾಸ ಕಲಿಸುವವಳು, ಬೇರೆಯವರ ಮನೆಯ ವರ್ತಮಾನ ತಿಳಿಯದಿದ್ದರೆ ಅವಳಿಗೆ ಉಂಡದ್ದು ಅರಗುವುದಿಲ್ಲ. ಕಾಫಿ ಹಿಡಿದುಕೊಂಡೇ ಬಂದು, ಹತ್ತು ಜನ ಯಾರ್ಯಾರು ಎಂದು ವಿಚಾರಿಸಿದಳು.

ಗ್ರೇಮ್ ಬೆರಳು ಮಡಿಸುತ್ತ ಹೋದ. ಯಾವಾಗಲೂ ನೂಲು ಹೆಣೆಯುತ್ತ ಕೂರುವ ಅಜ್ಜಿ. ನಿದ್ದೆ ಮಾಡುವ ಹುಡುಗರಿಬ್ಬರು. ಬಾಯಿ ಬಿಡದ ಟಾಲಿಯಾ. ಹೀಗೇ ಎಣಿಸಿದರೆ ಒಂಬತ್ತಕ್ಕೆ ನಿಂತುಹೋಯಿತು. ಒಂದು ಬೆರಳು ಸುಮ್ಮನೆ ನೆಟ್ಟಗೆ ನಿಂತು ಅವನನ್ನೇ ನೋಡುತ್ತಿತ್ತು. ಆಮೇಲೆ ಹೇಳುತ್ತೇನೆಂದು ನೆರಿಡಾಳನ್ನು ಸಾಗಹಾಕಿ ಹೆಸರುಗಳನ್ನು ತೆರೆದ. ಕೊನೆಯಲ್ಲಿ ಕೂತಿದ್ದ ಮರ್ವಿನ್ ಟಬ್.

ಹೊಸ ಲೆಕ್ಕದ ಯಂತ್ರ ಹೆಸರುಗಳನ್ನು ಕಚೇರಿಯಿಂದಲ್ಲ, ಪಾಠದ ಪುಟದಿಂದಲೇ ಎತ್ತಿಕೊಳ್ಳುತ್ತದೆಂದು ಅವನಿಗೆ ಆಗ ನೆನಪಾಯಿತು. ಅಳಿಸಿಬಿಡೋಣವೆಂದು ಕೈ ಮುಂದೆ ಹೋಯಿತು. ಹಾಗೇ ನಿಂತಿತು. ಮರ್ವಿನ್ ಇದ್ದರೆ ಪಾಠ ಬದುಕುತ್ತದೆ, ಹೋದರೆ ಸಾಯುತ್ತದೆ. ಬದುಕನ್ನು ಹಿಗ್ಗಿಸುವುದು ಒಳ್ಳೆಯದು ಎಂದ ಮೇಲೆ ಮರ್ವಿನ್ ಒಳ್ಳೆಯವನೇ. ಆದರೆ ಇಲ್ಲದವನು ಒಳ್ಳೆಯವನಾಗುವುದು ಹೇಗೆ? ಗ್ರೇಮ್ ತನ್ನದೇ ತತ್ವವನ್ನು ತಿರುಗಿಸಿ ಮುರುಗಿಸಿ ನೋಡಿದ, ಅದು ಎರಡೂ ಕಡೆ ತಲೆಯಾಡಿಸಿತು.

ಅವನು ಹೀಗೆ ತಲೆ ಕೆರೆದುಕೊಳ್ಳುತ್ತಿರುವಾಗಲೇ ಅಂಕಿಅಂಶ ವಿಭಾಗದ ಕ್ರೇಗ್ ಡನ್ಫಿ ಬಾಗಿಲಲ್ಲಿ ಪ್ರತ್ಯಕ್ಷನಾದ. ಆ ದೇಶದ ಆಗಸ್ಟಿನ ಕೊರೆಯುವ ಚಳಿಯಲ್ಲೂ ಚಡ್ಡಿ ಹಾಕಿಕೊಂಡು ತಿರುಗುವ ಆಸಾಮಿ. ಕ್ಯಾಂಪಸ್ಸಿನಲ್ಲಿ ಯಾರು ಎಷ್ಟು ಹೊತ್ತು ಪಾಠ ನೋಡಿದರು, ಯಾವ ಪುಸ್ತಕ ತೆಗೆದರು, ಎಲ್ಲಿ ಕಾಫಿ ಕುಡಿದರು ಎಂಬುದನ್ನೆಲ್ಲ ಸೇರಿಸಿ ಪ್ರತಿ ವಿದ್ಯಾರ್ಥಿಗೂ, ಮೇಷ್ಟ್ರಿಗೂ ಹಸಿರು, ಹಳದಿ, ಕೆಂಪು ದೀಪ ಹಚ್ಚುವುದು ಅವನ ಕೆಲಸ. ಅವನ ಮುಖದಲ್ಲಿ ಗಂಭೀರತೆ ಇತ್ತು, ಅದರ ಹಿಂದೆ ತನ್ನ ಯಂತ್ರ ಏನೋ ಹಿಡಿದುಹಾಕಿದೆ ಎಂಬ ಖುಷಿಯೂ ಇತ್ತು.

“ಗ್ರೇಮ್, ನಿನ್ನ ಸ್ಟೂಡೆಂಟ್ ಒಬ್ಬ ಕೆಂಪಗಾಗಿದ್ದಾನೆ ಮಾರಾಯ. ಮರ್ವಿನ್ ಟಬ್ ಅಂತ.”

ಗ್ರೇಮ್‌ನ ಕಾಫಿ ಮೂಗಿಗೆ ಹತ್ತಿತು. ಕ್ರೇಗ್ ತನ್ನ ಪರದೆ ತಿರುಗಿಸಿ ತೋರಿಸಿದ. ಸೆಮಿಸ್ಟರಿನ ಮೊದಲ ದಿನ ಒಂದು ಸಲ ಬಂದವನು ಮತ್ತೆ ತಲೆ ಹಾಕಿಲ್ಲ. ವಿಡಿಯೋ ನೋಡಿಲ್ಲ, ಪುಸ್ತಕ ಮುಟ್ಟಿಲ್ಲ, ಕಾರು ನಿಲ್ಲಿಸಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಇಡೀ ಕ್ಯಾಂಪಸ್ಸಿನಲ್ಲಿ ಒಂದೇ ಒಂದು ಕಾಫಿ ಕೊಂಡಿಲ್ಲ. ಕಾಫಿ ಇಲ್ಲದೆ ಒಬ್ಬ ಮನುಷ್ಯ ಇಷ್ಟು ದಿನ ಇರುವುದುಂಟೆ ಎಂದು ಕ್ರೇಗ್ ಕೇಳಿದ. ಬರೆದದ್ದು ಒಂದೇ ಸಾಲು, ಅದೂ ಇಂಥದ್ದು: ಇಲ್ಲಿ ಏನೂ ಕಾಣಿಸ್ತಾ ಇಲ್ಲ, ಯಾರಾದ್ರೂ ಇದ್ದೀರಾ.

“ಕ್ರೇಗ್, ಈ ಮರ್ವಿನ್ ಇದಾನಲ್ಲ, ಅವನು ನಿಜವಾಗ್ಲೂ...” ಎಂದು ಶುರು ಮಾಡಿದ ಗ್ರೇಮ್‌ನ ಕಣ್ಣು ತನ್ನ ಪರದೆಯ ಹಸಿರು ಹತ್ತರ ಮೇಲೆ ಬಿತ್ತು. “ಸ್ವಲ್ಪ ನಾಚಿಕೆ ಸ್ವಭಾವ” ಎಂದು ಮುಗಿಸಿದ.

ಕ್ರೇಗ್ ಅದನ್ನು ಬರೆದುಕೊಂಡ. ಕೆಂಪು ಇನ್ನಷ್ಟು ಗಾಢವಾಯಿತು. ಹಾಗಲ್ಲ, ಅವನಿಗೆ ಒಂಟಿಯಾಗಿರುವುದೇ ಇಷ್ಟ ಎಂದು ಗ್ರೇಮ್ ತಿದ್ದಲು ಹೋದ. ಅದನ್ನೂ ಕ್ರೇಗ್ ಬರೆದುಕೊಂಡ. ಈಗ ದೀಪ ಮಿನುಗತೊಡಗಿತು. ಬಾಯಿ ಬಿಟ್ಟಷ್ಟೂ ಮರ್ವಿನ್‌ನ ಸ್ಥಿತಿ ಹದಗೆಡುತ್ತಿರುವುದನ್ನು ಕಂಡು ಗ್ರೇಮ್ ತುಟಿ ಹೊಲಿದುಕೊಂಡ. ಮೇಷ್ಟ್ರೇ ಇಷ್ಟು ಕಂಗಾಲಾಗಿದ್ದಾರೆಂದರೆ ಪರಿಸ್ಥಿತಿ ಸೂಕ್ಷ್ಮವಾಗಿದೆ ಎಂದುಕೊಂಡು, ಅವನ ಮನೆಗೇ ಹೋಗಿ ನೋಡಿ ಬರುತ್ತೇನೆಂದು ಹೇಳಿ ಕ್ರೇಗ್ ಹೊರಟ. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ನೆರಿಡಾ ಇನ್ನೊಂದು ದಿಕ್ಕಿಗೆ ಹೊರಟಳು.

ಗ್ರೇಮ್ ಕ್ಲಾಸಿಗೆ ಹೋಗುವಷ್ಟರಲ್ಲಿ ನೆರಿಡಾಳ ಬಾಯಿ ಅಲ್ಲಿಗೆ ಮೊದಲೇ ಹೋಗಿ ಬಂದಿತ್ತು. ಯಾರೂ ಮಲಗಿರಲಿಲ್ಲ. ಅಜ್ಜಿಯ ಸೂಜಿ ನಿಂತಿತ್ತು. ಗ್ರೇಮ್‌ಗೆ ತಾನು ತಪ್ಪು ಕೋಣೆಗೆ ಬಂದೆನೇ ಎಂಬ ಅನುಮಾನ ಬಂತು. ಆಗ ಸೆಮಿಸ್ಟರಿಡೀ ತುಟಿ ಬಿಚ್ಚದಿದ್ದ ಟಾಲಿಯಾ ಎದ್ದು ನಿಂತಳು.

“ಗ್ರೇಮ್, ನೀವು ಹೇಳಿಕೊಡ್ತಾ ಇರೋದು ಇದನ್ನೇ ಅಲ್ವಾ? ನಮ್ಮ ಜೊತೆ ಓದೋ ಒಬ್ಬ ಮನುಷ್ಯ ‘ಯಾರಾದ್ರೂ ಇದ್ದೀರಾ’ ಅಂತ ಕೇಳಿದ್ದಾನೆ. ಇಷ್ಟು ದಿನ ಆಯ್ತು, ನಮ್ಮಲ್ಲಿ ಒಬ್ಬರೂ ಹೌದು ಅಂದಿಲ್ಲ.”

ಆಮೇಲೆ ಒಬ್ಬೊಬ್ಬರಾಗಿ ಆ ಪುಟದಲ್ಲಿ ಮರ್ವಿನ್‌ನ ಸಾಲಿನ ಕೆಳಗೆ ಬರೆದರು. ಹೌದು, ನಾನಿದ್ದೀನಿ. ಹೌದು ಮರ್ವಿನ್, ನಾನೂ ಇದ್ದೀನಿ. ನಿದ್ದೆಯ ಹುಡುಗರೂ ಬರೆದರು. ಅಜ್ಜಿ ತಾನು ಹೆಣೆಯುತ್ತಿರುವುದು ಇನ್ನು ಮರ್ವಿನ್‌ಗೇ ಎಂದಳು. ಸಂಜೆ ಹುಲ್ಲುಹಾಸಿನ ಮೇಲೆ ಒಲೆ ಹೂಡಿ, ಸಾಸೇಜು ಸುಟ್ಟು, ಬ್ರೆಡ್ಡಿನಲ್ಲಿ ಸುತ್ತಿ ಊರಿಗೆಲ್ಲ ಹಂಚಿ ಮರ್ವಿನ್‌ನನ್ನು ಕರೆಯೋಣ, ಸಾಸೇಜಿನ ವಾಸನೆಗೆ ಬರದವನಿಲ್ಲ ಎಂದು ತೀರ್ಮಾನವಾಯಿತು.

ಇಷ್ಟು ವರ್ಷದಲ್ಲಿ ಮೊದಲ ಸಲ ಗ್ರೇಮ್‌ನ ಪಾಠ ಯಾರಿಗೋ ತಾಗಿತ್ತು. ಸಂತೋಷವಾಯಿತು, ಅದರ ಬೆನ್ನಿಗೇ ನಾಚಿಕೆಯೂ ಆಯಿತು. ಇಷ್ಟು ಒಳ್ಳೆಯ ಮನಸ್ಸುಗಳು ಒಂದು ಹುಂಜ ಮತ್ತು ಒಂದು ಟಬ್ಬಿಗಾಗಿ ಕರಗುತ್ತಿವೆಯಲ್ಲ ಎಂದು ಸಂಕಟವಾಯಿತು. ಈಗ ಸತ್ಯ ಹೇಳಿದರೆ ಈ ಹೌದುಗಳೆಲ್ಲ ಏನಾಗುತ್ತವೆ? ಹೇಳದಿದ್ದರೆ ತಾನು ಏನಾಗುತ್ತೇನೆ? ಬಾಯಲ್ಲಿ ಬಿಸಿ ತುಪ್ಪ, ಉಗುಳುವಂತಿಲ್ಲ ನುಂಗುವಂತಿಲ್ಲ. ಆ ದಿನ ಏನು ಪಾಠ ಮಾಡಿದನೋ ಅವನಿಗೇ ತಿಳಿಯದು.

ಮಧ್ಯಾಹ್ನ ಲೊರೇನ್ ಫೋನ್ ಮಾಡಿದಳು. ಅವರ ಹುಂಜದ ಮೇಲೆ ಊರಿನ ಕೌನ್ಸಿಲ್ಲಿಗೆ ಅಕ್ಕಪಕ್ಕದವರು ದೂರು ಕೊಟ್ಟಿದ್ದರಿಂದ, ಹೋದ ತಿಂಗಳು ಗ್ರೇಮ್ ಅದನ್ನು ಊರಾಚೆಯ ಕುರಿ ಫಾರಮ್ಮಿಗೆ ಸಾಗಿಸಿದ್ದ. ಇವತ್ತು ಮತ್ತೆ ಕೌನ್ಸಿಲ್ಲಿನವರು ಬಂದಿದ್ದರೆಂದು ಅವಳ ಗೊಣಗಾಟ.

“ಒಬ್ಬ ಚಡ್ಡಿ ಹಾಕಿದ್ದ, ಇನ್ನೊಬ್ಬ ಸೆಕ್ಯುರಿಟಿ ಥರ ಇದ್ದ. ಮರ್ವಿನ್ ಇಲ್ಲೇ ಇರೋದಾ ಅಂತ ಕೇಳಿದ್ರು. ಇದ್ದ, ಈಗಿಲ್ಲ ಅಂದೆ. ಬೆಳಗಿನ ಜಾವಕ್ಕೇ ಎದ್ದು ಕಿರುಚ್ಕೋತಿದ್ದ, ಬೀದಿಯವರಿಗೆಲ್ಲ ತಡೀಲಾಗ್ಲಿಲ್ಲ, ನನ್ನ ಗಂಡನೇ ಕಾರಿನ ಡಿಕ್ಕಿಗೆ ಹಾಕ್ಕೊಂಡು ಹೋಗಿ ಊರಾಚೆ ಬಿಟ್ಟು ಬಂದ್ರು, ಈಗ ಕುರಿ ಕೊಟ್ಟಿಗೇಲಿ ಮಲಗ್ತಾನೆ ಅಂದೆ. ಯಾಕೋ ಇಬ್ಬರ ಮುಖಾನೂ ಬಿಳಿಚ್ಕೊಂಡ್ತು ಕಣ್ರೀ.”

ಗ್ರೇಮ್ ಫೋನ್ ಕೆಳಗಿಟ್ಟ. ಕ್ರೇಗ್ ಬಾಗಿಲಲ್ಲೇ ನಿಂತಿದ್ದ. ಈ ಸಲ ಅವನ ಮುಖದಲ್ಲಿ ಖುಷಿ ಇರಲಿಲ್ಲ. ವಿಳಾಸ ಗ್ರೇಮ್‌ನದೇ ಎಂಬುದು ತನಗೆ ಅಲ್ಲಿ ಹೋದ ಮೇಲೆ ಗೊತ್ತಾಯಿತೆಂದು ಮೆಲ್ಲಗೆ ಹೇಳಿದ. ಗ್ರೇಮ್, ಹೌದು, ಕೆಲವು ದಿನ ನಮ್ಮಲ್ಲೇ ಇದ್ದ ಎಂದ. ಅದು ಸುಳ್ಳೂ ಆಗಿರಲಿಲ್ಲ.

“ಆದ್ರೆ ಡಿಕ್ಕೀಲಿ ಯಾಕೆ ಗ್ರೇಮ್?”

“ಸೀಟು ಗಲೀಜು ಮಾಡ್ತಾನೆ ಅಂತ” ಎಂದುಬಿಟ್ಟ ಗ್ರೇಮ್. ಬಾಯಿಂದ ಮಾತು ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡ.

ಕ್ರೇಗ್ ಒಂದು ಹೆಜ್ಜೆ ಹಿಂದೆ ಸರಿದ. ತನಗೆ ಯಾರ ಮೇಲೂ ಅನುಮಾನವಿಲ್ಲ, ಅಂಕಿಅಂಶಕ್ಕೆ ರಾಗದ್ವೇಷ ಇರುವುದಿಲ್ಲ. ಆದರೆ ನಿಯಮ ನಿಯಮವೇ ಎಂದು ವಿವರಿಸಿದ. ಮನೆ ಇಲ್ಲದೆ ಕೊಟ್ಟಿಗೆಯಲ್ಲಿ ಮಲಗುವವನು ಸಂಜೆಯೊಳಗೆ ತಾನಾಗಿ ಬಂದು ಆಪ್ತಸಲಹೆಗಾರ್ತಿ ಸೆಲಾ ಫೋನುವಾ ಎದುರು ಕೂರಬೇಕು. ಇಲ್ಲದಿದ್ದರೆ ಪೊಲೀಸರಿಗೆ ಹೇಳಿ ಹೊಳೆ ದಂಡೆಯೆಲ್ಲ ಹುಡುಕಿಸಬೇಕಾಗುತ್ತದೆ.

ಕ್ರೇಗ್ ಅತ್ತ ಹೋದದ್ದೇ ಗ್ರೇಮ್ ನೆರಿಡಾಳ ಕೋಣೆಗೆ ನುಗ್ಗಿ, ಬಾಗಿಲು ಹಾಕಿ, ಎಲ್ಲವನ್ನೂ ಕಕ್ಕಿದ. ಅವಳು ಬೆರಗಾಗುತ್ತಾಳೆಂದುಕೊಂಡಿದ್ದ. ಅವಳು ಬಿಸ್ಕತ್ತು ಅದ್ದಿಕೊಂಡು ತಿಂದಳು. ತಾನೂ ಒಮ್ಮೆ ಅಳಿಸಲು ಮರೆತಿದ್ದಾಗಿಯೂ, ತನ್ನ ಸುಳ್ಳು ವಿದ್ಯಾರ್ಥಿನಿಗೆ ಕುಲಪತಿಗಳಿಂದ ಹುಟ್ಟುಹಬ್ಬದ ಶುಭಾಶಯ ಬಂದಿತ್ತೆಂದೂ, ತನಗೇ ಯಾವತ್ತೂ ಬಂದಿಲ್ಲವೆಂದೂ ಹೇಳಿದಳು. ಗ್ರೇಮ್ ಕ್ರೇಗ್‌ನ ಹತ್ತಿರ ಹೋಗಿ ಸತ್ಯ ಹೇಳಿಬಿಡುತ್ತೇನೆಂದ.

“ಹೇಳು. ಹೇಳಿ ಸಂಜೆಗೆ ಕೋಣೆ ಖಾಲಿ ಮಾಡು. ಅದಕ್ಕಿಂತ ಮರ್ವಿನ್ ಆಗಿ ನೀನೇ ಹೋಗಿ ಕೂತ್ಕೋಬಾರ್ದಾ? ವಯಸ್ಸು ನಿಂದೇ, ವಿಳಾಸ ನಿಂದೇ. ಸೆಲಾ ಈ ತಿಂಗಳು ತಾನೆ ಕರಾವಳಿ ಕ್ಯಾಂಪಸ್ಸಿಂದ ಬಂದವಳು, ನಿನ್ನ ಮುಖ ಎಲ್ಲಿ ನೋಡಿರ್ತಾಳೆ? ಚೆನ್ನಾಗಿದ್ದೀನಿ ಅನ್ನು, ನಗು, ಎದ್ದು ಬಾ. ದೀಪ ಹಸಿರಾಗುತ್ತೆ. ಐದು ಹೊಡೆಯುತ್ತೆ. ಆಮೇಲೆ ಮರ್ವಿನ್ ಏನಾದ್ರೂ ಆಗ್ಲಿ.”

ಇದು ನೀತಿಯೇ ಎಂದು ಗ್ರೇಮ್ ಕೇಳಿದ. ನೀತಿ ಮೇಷ್ಟ್ರು ಯಾರು, ನೀನೋ ನಾನೋ ಎಂದು ಅವಳು ತಿರುಗಿ ಕೇಳಿದಳು. ಅಷ್ಟರಲ್ಲೇ ಅವಳ ಗಂಡನ ಹಳೇ ಫುಟ್‌ಬಾಲ್ ತಂಡದ ಉಣ್ಣೆ ಟೋಪಿ ಗ್ರೇಮ್‌ನ ತಲೆಯ ಮೇಲೆ, ದೊಗಳೆ ಕೋಟು ಹೆಗಲ ಮೇಲೆ ಬಿದ್ದಾಗಿತ್ತು. ಕನ್ನಡಿಯಲ್ಲಿ ನೋಡಿಕೊಂಡರೆ ನಿಜವಾಗಿಯೂ ಕುರಿ ಕೊಟ್ಟಿಗೆಯಲ್ಲಿ ಮಲಗುವವನ ಹಾಗೇ ಕಾಣುತ್ತಿದ್ದ.

ಸೆಲಾ ಫೋನುವಾ ಟೊಂಗಾ ದ್ವೀಪಗಳ ಕಡೆಯ ಹೆಂಗಸು, ತುಂಬು ಮೈ, ಅವಸರವೆಂಬುದೇ ಇಲ್ಲದ ಕಣ್ಣುಗಳು. ಆಕೆ ಮೊದಲು ಮಾಡಿದ ಕೆಲಸವೆಂದರೆ ಐಸ್‌ಕ್ರೀಮ್ ಡಬ್ಬಿಯ ಮುಚ್ಚಳ ತೆಗೆದು, ಮನೆಯಲ್ಲಿ ಕರಿದ ಕೆಕೆ ಎಂಬ ದುಂಡನೆಯ ಹಿಟ್ಟಿನ ಉಂಡೆಗಳನ್ನು ಮುಂದಿಟ್ಟದ್ದು. ಹೊಟ್ಟೆ ಖಾಲಿ ಇದ್ದರೆ ಬರೀ ಗಾಳಿ ಮಾತು ಬರುತ್ತದೆ, ಮೊದಲು ತಿನ್ನಿ ಎಂದಳು. ಗ್ರೇಮ್ ಬೆಳಗಿನಿಂದ ಏನೂ ತಿಂದಿರಲಿಲ್ಲ. ಒಂದು ತಿಂದ, ಇನ್ನೊಂದು ತಿಂದ. ಆಮೇಲೆ ನೆರಿಡಾ ಹೇಳಿಕೊಟ್ಟಂತೆ ನಕ್ಕು, ತಾನು ಚೆನ್ನಾಗಿದ್ದೇನೆಂದು ಒಪ್ಪಿಸಿದ.

ಆಕೆ ತಲೆಯಾಡಿಸಿದಳು. ಡಬ್ಬಿಯನ್ನು ಅವನ ಕಡೆಗೆ ಇನ್ನಷ್ಟು ಸರಿಸಿದಳು.

“ಎಷ್ಟು ದಿನದಿಂದ ಹೀಗೆ ಚೆನ್ನಾಗಿದ್ದೀರಿ, ಮರ್ವಿನ್?”

ಗ್ರೇಮ್‌ನ ಬಾಯಲ್ಲಿ ಮೂರನೆಯ ಕೆಕೆ ಇತ್ತು. ಅದು ಅಲ್ಲೇ ನಿಂತಿತು. ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. ಕಣ್ಣು ಮಂಜಾಯಿತು. ಏನು ಹೇಳುತ್ತಿದ್ದೇನೆಂದು ತಿಳಿಯುವ ಮೊದಲೇ ಮಾತು ಕಟ್ಟೆಯೊಡೆಯಿತು. ಪ್ರತಿ ಆಗಸ್ಟ್ ಬಂತೆಂದರೆ ನಿದ್ದೆ ಹಾರಿಹೋಗುವುದು, ವರ್ಷ ವರ್ಷವೂ ಮುಖಗಳು ಕಡಿಮೆಯಾಗುವುದು, ತಾನು ಆಡುವ ಮಾತು ಎದುರಿನ ಗೋಡೆಗೂ ಬೇಡವಾದದ್ದು, ಹೆಂಡತಿಗೆ ಹೇಳಿದರೆ ಅವಳೂ ಹೆದರುತ್ತಾಳೆಂದು ಹೇಳದೇ ಇದ್ದದ್ದು, ಎಲ್ಲ ಬಂತು. ಮರ್ವಿನ್ ಎಲ್ಲಿ ಮುಗಿದು ಗ್ರೇಮ್ ಎಲ್ಲಿ ಶುರುವಾದನೆಂದು ಅವನಿಗೇ ಗೊತ್ತಾಗಲಿಲ್ಲ. ಇಂಥದ್ದು ಬಂದಾಗ ಹೆಚ್ಚು ಕಷ್ಟವೆನಿಸುವುದು ಯಾವಾಗ ಎಂದು ಸೆಲಾ ಕೇಳಿದಳು.

“ಆ ಕ್ಲಾಸಿರೋ ದಿನ. ಬೆಳಿಗ್ಗೆ ಏಳ್ತಿದ್ದ ಹಾಗೇ ಮತ್ತೆ ಮುಸುಕು ಹಾಕ್ಕೊಂಡು ಮಲಗ್ಬಿಡೋಣ ಅನ್ಸುತ್ತೆ. ಆ ಟಿಪೆಟ್ ಮೇಷ್ಟ್ರು ಇದಾನಲ್ಲ, ಎಲ್ಲದಕ್ಕೂ ಹೌದು ಅನ್ನಿ, ಹೌದು ಅನ್ನಿ ಅಂತಾನೆ. ನಂಗನ್ಸುತ್ತೆ, ಅವನಿಗೇ ಅದರಲ್ಲಿ ನಂಬಿಕೆ ಇಲ್ಲ.”

“ನಿಮ್ಮ ಕಷ್ಟ ಅವರ ಗಮನಕ್ಕೆ ಬಂದಿದೆಯಾ?”

“ಒಂದು ದಿನಾನೂ ನನ್ನ ಕಡೆ ನೋಡಿಲ್ಲ” ಎಂದ ಗ್ರೇಮ್. ಹೇಳಿದ ಮೇಲೆ ಅದು ಎಷ್ಟು ನಿಜವೆಂದು ತಿಳಿದು ಮೂಗು ಒರೆಸಿಕೊಂಡ.

ಮತ್ತೆ ಯಾಕೆ ಅಲ್ಲಿಗೆ ಹೋಗುತ್ತೀರಿ ಎಂದು ಆಕೆ ಕೇಳಿದಳು. ಹೋಗದಿದ್ದರೆ ತಾನು ಯಾರೆಂಬುದೇ ಗೊತ್ತಾಗುವುದಿಲ್ಲ ಎಂದ. ಸೆಲಾ ಎದ್ದು ಬಂದು, ಅವನ ಪಕ್ಕದಲ್ಲಿ ಕುಳಿತು, ದೊಡ್ಡ ಬೆಚ್ಚಗಿನ ಅಂಗೈಯನ್ನು ಅವನ ಭುಜದ ಮೇಲಿಟ್ಟಳು.

“ನೀವು ತುಂಬಾ ದಿನದಿಂದ ಒಬ್ಬರೇ ಹೊತ್ತಿದ್ದೀರಿ. ಇವತ್ತು ಸ್ವಲ್ಪ ಇಳಿಸಿ. ಉಳಿದಿದ್ದು ನಾನು ನೋಡ್ಕೋತೀನಿ. ಆಗಬಹುದಾ?”

“ಹೌದು” ಎಂದ ಗ್ರೇಮ್. ಇಷ್ಟು ವರ್ಷ ಬೋಧಿಸಿದ ಆ ಮಾತನ್ನು ಅವನು ಹೊಟ್ಟೆಯಾಳದಿಂದ ಹೇಳಿದ್ದು ಅದೇ ಮೊದಲು. ಏನನ್ನು ನೋಡಿಕೊಳ್ಳುತ್ತೀರಿ ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ. ಎರಡು ಸಹಿ ಹಾಕಿ, ಮೂರು ಕೆಕೆ ಜೇಬಿಗೆ ಹಾಕಿಸಿಕೊಂಡು ಹೊರಬಂದ. ಮೈ ಹತ್ತಿಯ ಹಾಗೆ ಹಗುರವಾಗಿತ್ತು.

ಟೋಪಿ ಕೋಟನ್ನು ಕಾರಿನಲ್ಲಿಟ್ಟು ಗ್ರೇಮ್ ಆಗಿ ಹುಲ್ಲುಹಾಸಿಗೆ ಬಂದರೆ ಅಲ್ಲಿ ಜಾತ್ರೆ. ಹೊಗೆ, ಈರುಳ್ಳಿಯ ವಾಸನೆ, ಗ್ರಂಥಾಲಯದವರು, ತೋಟದವರು, ತತ್ವಶಾಸ್ತ್ರ ಎಂಬುದೊಂದು ಇದೆಯೆಂದೇ ತಿಳಿಯದ ಪಶುವೈದ್ಯದ ಹುಡುಗರು. ವಿಭಾಗಗಳ ಮುಖ್ಯಸ್ಥ ವಾರಿಕ್ ಸ್ಟೋಬೋ ಕೂಡ ಬ್ರೆಡ್ಡು ಹಿಡಿದು ನಿಂತಿದ್ದ. ಬಜೆಟ್ ಸಭೆ ಬಿಟ್ಟರೆ ಆತ ಮನುಷ್ಯರ ನಡುವೆ ಕಾಣಿಸಿಕೊಂಡದ್ದೇ ಅಪರೂಪ. ಅಷ್ಟರಲ್ಲಿ ಕ್ರೇಗ್ ಓಡಿ ಬಂದು, ಮರ್ವಿನ್ ಬಂದು ಕೂತು ಮಾತಾಡಿ ಹೋದನೆಂದೂ, ದೀಪ ಹಸಿರಾಯಿತೆಂದೂ ಸಾರಿದ. ಎಲ್ಲ ಚಪ್ಪಾಳೆ ತಟ್ಟಿದರು. ಅಜ್ಜಿ ಟಾಲಿಯಾಳನ್ನು ತಬ್ಬಿಕೊಂಡಳು. ವಾರಿಕ್ ಗ್ರೇಮ್‌ನ ಬೆನ್ನು ತಟ್ಟಿ, ನಿನ್ನ ಪಾಠದಲ್ಲಿ ಇಂಥ ಜೀವ ಇದೆಯೆಂದು ತನಗೆ ಗೊತ್ತೇ ಇರಲಿಲ್ಲ, ಮುಂದಿನ ವರ್ಷ ಇದನ್ನು ದೊಡ್ಡದು ಮಾಡೋಣ ಎಂದ. ನೆರಿಡಾ ದೂರದಿಂದಲೇ ಕಣ್ಣು ಹೊಡೆದಳು. ಗ್ರೇಮ್ ಸಾಸೇಜು ಕಚ್ಚಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದೆಂಬುದು ಅವನಿಗೂ ಗೊತ್ತಿತ್ತು, ಆದರೂ ಮುಂದಿನ ವರ್ಷ ಯಾವ ಕೋಣೆ ಕೇಳುವುದು ಎಂದು ಯೋಚಿಸತೊಡಗಿದ್ದ.

ಗಡಿಯಾರ ಐದು ಹೊಡೆಯಿತು. ಕ್ರೇಗ್ ಪರದೆ ನೋಡಿದ. ಮತ್ತೆ ನೋಡಿದ. ಯಂತ್ರ ತಪ್ಪಿತೇನೋ ಎಂದು ಒರೆಸಿ ನೋಡಿದ. ಒಂಬತ್ತು.

ಐದಕ್ಕೆ ಸ್ವಲ್ಪ ಮುಂಚೆ ಒಬ್ಬರು ವಿಷಯ ಬಿಟ್ಟು ಹೋಗಿದ್ದಾರೆಂದು ಕ್ರೇಗ್ ಹೇಳಿದ. ಯಾರೆಂದು ನಾಲ್ಕು ಬಾಯಿ ಒಟ್ಟಿಗೆ ಕೇಳಿದವು. ಮರ್ವಿನ್ ಟಬ್, ಆಪ್ತಸಲಹೆಗಾರ್ತಿಯ ಶಿಫಾರಸಿನ ಮೇಲೆ. ಗ್ರೇಮ್‌ನ ಕೈಯ ಸಾಸೇಜು ಹುಲ್ಲಿಗೆ ಬಿತ್ತು, ಅದನ್ನು ಒಂದು ಮ್ಯಾಗ್ಪೈ ಹಕ್ಕಿ ಎತ್ತಿಕೊಂಡು ಹೋಯಿತು. ವಾರಿಕ್ ಬೆನ್ನ ಮೇಲಿನ ಕೈ ತೆಗೆದುಕೊಂಡ. ಅಯ್ಯೋ ಪಾಪ, ಇರಲಿ, ನಾಳೆ ಮಧ್ಯಾಹ್ನ ಬಂದು ಮಾತಾಡು ಎಂದು ಹೇಳಿ, ಇನ್ನೊಂದು ಬ್ರೆಡ್ಡಿಗಾಗಿ ಸಾಲಿನಲ್ಲಿ ನಿಂತ. ವಿದ್ಯಾರ್ಥಿಗಳಿಗೆ ಮಾತ್ರ ಬೇಸರವೇ ಇರಲಿಲ್ಲ. ಮರ್ವಿನ್ ಕೊನೆಗೂ ತನ್ನ ಬದುಕಿಗೆ ಏನು ಬೇಕೋ ಅದಕ್ಕೆ ಹೌದೆಂದನಲ್ಲ, ಇದಕ್ಕಿಂತ ದೊಡ್ಡ ಪಾಠ ಬೇಕೇ ಎಂದು ಟಾಲಿಯಾ ಹೊಳೆಯುವ ಕಣ್ಣಿನಿಂದ ಹೇಳಿದಳು. ಗ್ರೇಮ್ ತಲೆಯಾಡಿಸಿದ. ಹೌದೆಂದೋ ಇಲ್ಲವೆಂದೋ ಅವನ ತಲೆಗೇ ತಿಳಿದಿರಲಿಲ್ಲ.

ಕತ್ತಲಾಗುತ್ತಿತ್ತು, ಚಳಿ ಏರುತ್ತಿತ್ತು. ಕಾರಿನ ಹತ್ತಿರ ಹೋಗಿ, ಕಿವಿ ನೋಯುತ್ತಿದೆಯೆಂದು ಉಣ್ಣೆ ಟೋಪಿಯನ್ನೇ ಮತ್ತೆ ಹಾಕಿಕೊಂಡ. ಹಿಂದಿನಿಂದ ಯಾರೋ “ಮರ್ವಿನ್” ಎಂದರು. ಸೆಲಾ ಫೋನುವಾ, ಮುಖದ ತುಂಬ ನಗು.

ಸುದ್ದಿ ತಾನೇ ಬಾಯಾರೆ ಹೇಳಬೇಕೆಂದು ಹುಡುಕುತ್ತಿದ್ದಳಂತೆ. ಆ ಕ್ಲಾಸಿನಿಂದ ಬಿಡಿಸಿದ್ದೇನೆ, ಇನ್ನು ನೀವು ಮುಸುಕು ಹಾಕಿಕೊಳ್ಳಬೇಕಿಲ್ಲ ಎಂದಳು. ಒಂದು ಬಿಟ್ಟರೆ ಇನ್ನೊಂದು ತೆಗೆದುಕೊಳ್ಳಬೇಕೆಂಬ ನಿಯಮವಿತ್ತು, ಅದಕ್ಕೆ ‘ಅಂಕಿಅಂಶಕ್ಕೆ ಮೊದಲ ಹೆಜ್ಜೆ’ ಎಂಬ ವಿಷಯಕ್ಕೆ ಸೇರಿಸಿದ್ದಳು. ತಡವಾಯಿತು ಎಂದು ಆ ವಿಷಯದವರು ಮೊದಲು ರಾಗ ಎಳೆದರಂತೆ. ಆಮೇಲೆ ತಮ್ಮಲ್ಲೂ ಹತ್ತಕ್ಕೆ ಒಬ್ಬ ಕಡಿಮೆ ಇರುವುದನ್ನು ನೋಡಿ ಎರಡೂ ಕೈ ಚಾಚಿ ತೆಗೆದುಕೊಂಡರಂತೆ.

“ಅಲ್ಲಿ ಹೌದು ಅನ್ನಬೇಕು, ಇಲ್ಲ ಅನ್ನಬೇಕು ಅಂತ ಕಾಟ ಇಲ್ಲ. ಸುಮ್ಮನೆ ಎಣಿಸ್ತಾ ಕೂತ್ರಾಯ್ತು, ಮನಸ್ಸಿಗೆ ಹಿತ. ನಾಳೆ ಬೆಳಿಗ್ಗೆ ಎಂಟಕ್ಕೆ ಕ್ಲಾಸು. ತಪ್ಪಿಸಿದ್ರೆ ದೀಪ ಮತ್ತೆ ಕೆಂಪಾಗಿಬಿಡುತ್ತೆ, ಅದಕ್ಕೆ ನಾನೇ ಬಂದು ಬಾಗಿಲವರೆಗೂ ಬಿಡ್ತೀನಿ.”

ಗ್ರೇಮ್ ಕಾರಿಗೆ ಒರಗಿ ನಿಂತ. ಅದನ್ನೇ ಕೃತಜ್ಞತೆ ಎಂದುಕೊಂಡು ಸೆಲಾ ಹೊರಟವಳು ಏನೋ ನೆನಪಾಗಿ ನಿಂತಳು.

“ಆ ಟಿಪೆಟ್ ಮೇಷ್ಟ್ರ ಮೇಲೆ ಸಿಟ್ಟಿಟ್ಕೋಬೇಡಿ, ಮರ್ವಿನ್. ಪಾಪ, ಅವರ ವಿಷಯಾನೂ ಮುಚ್ಚಿಹೋಯ್ತಂತೆ. ಅವರ ದೀಪಾನೂ ಈಗ ಕೆಂಪು. ನಾಳೆ ಹತ್ತಕ್ಕೆ ಅವರನ್ನೂ ಕರೆಸಿದ್ದೀನಿ. ನಾನು ಅವರ ಮುಖ ನೋಡಿದ್ದೇ ಇಲ್ಲ, ನೋಡೋಕೆ ಹೇಗಿರ್ತಾರೆ?”

ಗ್ರೇಮ್ ಟೋಪಿಯನ್ನು ಹುಬ್ಬಿನವರೆಗೂ ಎಳೆದುಕೊಂಡ.

“ಸುಮಾರು ನನ್ನ ಹಾಗೇ ಇರ್ತಾರೆ” ಎಂದ.